ಸಂಗೀತ ಶಾಲೆ ಕಟ್ಟಡ: ಮೃದಂಗದ ಸದ್ದು ವೀಣೆ ಕ್ಲಾಸಿಗೆ ನುಗ್ಗದ ಹಾಗೆ ಗೋಡೆ ಹೇಗಿರಬೇಕು? ಹಾಲ್‌ಗೆ 10 ಅಡಿ ಎತ್ತರ ಸಾಕಾ?

ತುಂಗಾತೀರ:

ಶಿವಮೊಗ್ಗದಲ್ಲಿ 40×60 ಸೈಟಿನಲ್ಲಿ ನಮ್ಮ ಟ್ರಸ್ಟಿನಿಂದ ಸಂಗೀತ ಶಾಲೆ ಕಟ್ಟಿಸುತ್ತಿದ್ದೇವೆ. ನಕ್ಷೆ ತಯಾರಾಗಿದೆ, ಪಾಯ ಇನ್ನೂ ತೆಗೆದಿಲ್ಲ.

ಕೆಳಗೆ ನಾಲ್ಕು ಕ್ಲಾಸ್ ರೂಮು: ಹಾಡುಗಾರಿಕೆ, ವೀಣೆ, ಪಿಟೀಲು, ಮೃದಂಗ. ಒಂದೊಂದೂ 10×10, ಎತ್ತರವೂ 10 ಅಡಿ. ಒಂದರ ಪಕ್ಕ ಒಂದು, ನಡುವೆ ನಾಲ್ಕೂವರೆ ಇಂಚಿನ ಗೋಡೆ. ಮೇಲೆ 30×40 ಅಡಿಯ ಕಛೇರಿ ಹಾಲ್, 120 ಜನಕ್ಕೆ, ಪ್ಲಾಸ್ಟಿಕ್ ಕುರ್ಚಿ. ಅದಕ್ಕೂ 10 ಅಡಿ ಎತ್ತರ. ಮೇಲ್ಛಾವಣಿಗೆ ಸ್ಲ್ಯಾಬ್ ಬದಲು ಟ್ರಸ್ ಹಾಕಿ ಶೀಟ್ ಹೊದಿಸಿದರೆ ದುಡ್ಡು ಉಳಿಯುತ್ತೆ ಅಂತ ಲೆಕ್ಕ.

ಕಂಟ್ರಾಕ್ಟರ್ ಹೇಳೋದು: ಗೋಡೆಗೆಲ್ಲ ಎಎಸಿ ಬ್ಲಾಕ್ (ಗಾಳಿಗುಳ್ಳೆ ತುಂಬಿದ ಹಗುರ ಸಿಮೆಂಟ್ ಇಟ್ಟಿಗೆ) ಹಾಕೋಣ, ಒಳಗಡೆ ಫೋಮ್ ಅಂಟಿಸಿದರೆ ಸೌಂಡ್‌ಪ್ರೂಫ್ ಆಗುತ್ತೆ. ಟ್ರಸ್ಟಿಗಳಲ್ಲಿ ಒಬ್ಬರಿಗೆ ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನದ ಹಾಗೆ ಏನಾದರೂ ಆಕಾರ ಬೇಕು, ಹಾಲ್‌ನ ಹಿಂದಿನ ಗೋಡೆ ಅರ್ಧಚಂದ್ರಾಕಾರ ಇರಲಿ ಅಂತಾರೆ.

ಈಗಲೇ ಏನೇನು ಬದಲಾಯಿಸಬೇಕು? ಆಮೇಲೆ ಮಾಡಿದರೂ ನಡೆಯೋದು ಯಾವುದು?

ಅನುರಣನ:

ಸದ್ದು ತಡೆಯೋದು ಬೇರೆ, ಸದ್ದು ಹೀರೋದು ಬೇರೆ. ಪಕ್ಕದ ರೂಮಿಗೆ ಹೋಗದ ಹಾಗೆ ತಡೆಯೋದು ಗೋಡೆಯ ತೂಕ, ಸಂದುಗಳ ಬಿಗಿ. ರೂಮಿನೊಳಗೆ ಗುಂಯ್‌ಗುಡದ ಹಾಗೆ ಹೀರೋದು ಗ್ಲಾಸ್‌ವೂಲ್, ಬಟ್ಟೆ, ಜನ. ಫೋಮಿಗೆ ತೂಕವೇ ಇಲ್ಲ, ಅದು ಮೃದಂಗವನ್ನು ತಡೆಯೋದಿಲ್ಲ. ಮೊಟ್ಟೆ ಟ್ರೇ ಕೂಡ ಅಷ್ಟೇ. ಅದಕ್ಕಿಂತ ದೊಡ್ಡ ತೊಂದರೆ ಬೆಂಕಿ. 2003ರಲ್ಲಿ ಅಮೆರಿಕದ ರೋಡ್ ಐಲೆಂಡಿನ ನೈಟ್‌ಕ್ಲಬ್ಬಿನಲ್ಲಿ 100 ಜನ ಸತ್ತದ್ದು ವೇದಿಕೆಯ ಗೋಡೆಗೆ ಅಂಟಿಸಿದ್ದ ಫೋಮಿಗೆ ಬಾಣಬಿರುಸಿನ ಕಿಡಿ ತಾಗಿ. ಮಕ್ಕಳು ಕಲಿಯೋ ಕಡೆ ಬರಿಯ ಫೋಮ್ ಬೇಡವೇ ಬೇಡ.

ಗೋಡೆಯ ಒಳಮೈಗೆ ಏನು ಹಾಕಬೇಕು ಅನ್ನೋದನ್ನು ಕಟ್ಟಡ ಮುಗಿದ ಮೇಲೂ ತೀರ್ಮಾನಿಸಬಹುದು. ಎತ್ತರ, ರೂಮಿನ ಅಳತೆ, ಗೋಡೆಯ ದಪ್ಪ, ಯಾವ ರೂಮು ಎಲ್ಲಿ, ಈ ನಾಲ್ಕನ್ನು ಪಾಯಕ್ಕೆ ಮುಂಚೆಯೇ ಮುಗಿಸಿ.

10×10×10 ಅತ್ಯಂತ ಕೆಟ್ಟ ಅಳತೆ. ಎದುರುಬದುರು ಗೋಡೆಗಳ ನಡುವೆ ನಿಲ್ಲುವ ಮೊದಲ ಅಲೆಯ ಆವೃತ್ತಿ ಅಂದರೆ ಸದ್ದಿನ ವೇಗವನ್ನು (ಸೆಕೆಂಡಿಗೆ ಸುಮಾರು 343 ಮೀಟರ್) ಅಂತರದ ಎರಡು ಪಟ್ಟಿನಿಂದ ಭಾಗಿಸಿದ್ದು. 10 ಅಡಿಗೆ ಅದು 56 ಹರ್ಟ್ಸ್. ಉದ್ದ, ಅಗಲ, ಎತ್ತರ ಮೂರೂ ಒಂದೇ ಆದರೆ ಮೂರೂ ಅಲೆ 56ರಲ್ಲೇ, ಆಮೇಲೆ 112ರಲ್ಲೇ ಕೂತುಬಿಡ್ತವೆ. ಕೆಲವು ಸ್ವರ ಉಬ್ಬುತ್ತೆ, ಪಕ್ಕದ ಸ್ವರ ಕೇಳೋದೇ ಇಲ್ಲ. 1 : 1.14 : 1.39 ಅನ್ನೋ ಅನುಪಾತ ಬಹಳ ಕಾಲದಿಂದ ಬಳಕೆಯಲ್ಲಿದೆ. ನಿಮ್ಮ ಲೆಕ್ಕಕ್ಕೆ ಅದು ಹತ್ತೂವರೆ ಅಡಿ ಎತ್ತರ, 12 ಅಡಿ ಅಗಲ, ಹದಿನಾಲ್ಕೂವರೆ ಅಡಿ ಉದ್ದ. ರೂಮು ನಾಲ್ಕರ ಬದಲು ಮೂರಾದರೂ ಪರವಾಗಿಲ್ಲ, ಪಿಟೀಲು ಮತ್ತು ಹಾಡುಗಾರಿಕೆ ಒಂದೇ ರೂಮಿನಲ್ಲಿ ಬೇರೆ ಬೇರೆ ಹೊತ್ತಿಗೆ ನಡೀಬಹುದು.

ಹಿಂದಿನ ಗೋಡೆ ಒಳಬಾಗಿದ್ದರೆ ಸದ್ದನ್ನು ಒಂದೇ ಕಡೆ ಕೂಡಿಸಿ ವಾಪಸು ಎಸೆಯುತ್ತೆ. ವಿಜಯಪುರದ ಗೋಳಗುಮ್ಮಟದಲ್ಲಿ ಪಿಸುಮಾತು ಎದುರು ಬದಿಗೆ ಕೇಳೋದು ಬಾಗಿದ ಗೋಡೆಯ ಕರಾಮತ್ತಿನಿಂದಲೇ. ನೋಡೋಕೆ ಹೋದವರಿಗೆ ಅದು ಮಜಾ, ಹಾಡೋಕೆ ಕೂತವರಿಗೆ ಶಿಕ್ಷೆ. ಚೌಡಯ್ಯ ಭವನದ ಪಿಟೀಲಿನ ಆಕಾರ ಹೊರಗಿನಿಂದ ನೋಡೋರಿಗೆ ಚಂದ. ನಿಮ್ಮ ಟ್ರಸ್ಟಿಗಳಿಗೆ ವೀಣೆ ಬೇಕೇಬೇಕಿದ್ದರೆ ಮುಂಭಾಗದ ಗೇಟಿನಲ್ಲಿ ಮಾಡಿಸಿ. ಹಾಲ್ ಆಯತಾಕಾರವಾಗಿಯೇ ಇರಲಿ.

ಇನ್ನು ಹಾಲ್ ಎತ್ತರ. 30×40×10 ಅಂದರೆ 340 ಘನಮೀಟರ್, 120 ಜನಕ್ಕೆ ಹಂಚಿದರೆ ತಲೆಗೆ 2.8. ಮೈಕಿನ ಹಂಗಿಲ್ಲದೆ ಹಾಡು ಕೇಳಬೇಕಾದರೆ ತಲೆಗೆ ನಾಲ್ಕೂವರೆಯಾದರೂ ಬೇಕು ಅನ್ನೋದು ನನ್ನ ಪಟ್ಟು. ಅದಕ್ಕೆ 16 ಅಡಿ ಎತ್ತರ ಬೇಕು, 543 ಘನಮೀಟರ್. ಸಾಧ್ಯವಾದರೆ ಹಾಲನ್ನು ಕೆಳಗೆ ತನ್ನಿ, ಕ್ಲಾಸುಗಳನ್ನು ಮೇಲೆ ಹಾಕಿ. ವಯಸ್ಸಾದ ರಸಿಕರಿಗೆ ಮೆಟ್ಟಿಲು ತಪ್ಪುತ್ತೆ.

ಗಾರೆಕರಣೆ:

ಅನುರಣನ ಅವರೇ, ಕೊನೆಯ ಮಾತಿಗೆ ಮಾತ್ರ ನನ್ನ ತಕರಾರು. ಕ್ಲಾಸ್ ರೂಮಿಗೆ ಒಂಬತ್ತಿಂಚಿನ ಇಟ್ಟಿಗೆ ಗೋಡೆ ಹಾಕಲೇಬೇಕು ಅಲ್ವಾ. ಎರಡೂ ಕಡೆ ಗಾರೆ ಸೇರಿ ಚದರ ಮೀಟರಿಗೆ ಸುಮಾರು 480 ಕೆಜಿ. ಹತ್ತೂವರೆ ಅಡಿ ಎತ್ತರಕ್ಕೆ ಒಂದು ಮೀಟರ್ ಉದ್ದದ ಗೋಡೆ ಅಂದರೆ ಒಂದೂವರೆ ಟನ್. ಇದನ್ನು 30 ಅಡಿ ಕಂಬವಿಲ್ಲದ ಹಾಲ್‌ನ ಮೇಲೆ ಕೂರಿಸಿದರೆ ಬೀಮ್ ಆಳ ಎರಡೂವರೆ ಅಡಿ ದಾಟುತ್ತೆ, ಕಬ್ಬಿಣದ ಖರ್ಚು ಕೈ ಕಚ್ಚುತ್ತೆ. ಭಾರದ ಗೋಡೆಗಳು ಕೆಳಗೆ ಪಾಯದ ಮೇಲೇ ಇರಲಿ, ಹಾಲ್ ಮೇಲೇ ಇರಲಿ. ಮೇಲಿದ್ದರೆ ಇನ್ನೊಂದು ಲಾಭ: ಛಾವಣಿಯ ಬೀಮುಗಳನ್ನು ತಾರಸಿಯ ಮೇಲ್ಗಡೆಗೆ ಎತ್ತಿ ತಿರುಗಾಮುರುಗಾ ಹಾಕಬಹುದು, ಕೆಳಗೆ ಪೂರ್ತಿ ಎತ್ತರ ಸಿಗುತ್ತೆ. ಕೆಳಗೆ ಇಳಿಬಿಟ್ಟರೆ 10 ಅಡಿ ಹಾಲ್‌ನಲ್ಲಿ ಬೀಮಿನ ಅಡಿಗೆ ಏಳೂವರೆ ಉಳಿಯುತ್ತೆ, ಫ್ಯಾನೂ ಹಾಕೋಕಾಗಲ್ಲ. ಎತ್ತಿದ ಬೀಮುಗಳ ನಡುವೆ ಮಳೆನೀರು ನಿಲ್ಲದ ಹಾಗೆ ಪ್ರತಿ ಅಂಕಣಕ್ಕೂ ಪೈಪಿನ ದಾರಿ ಬಿಡಿಸೋದನ್ನು ಮರೀಬೇಡಿ. ಸೆಂಟ್ರಿಂಗ್ ಹೊತ್ತಿಗೇ ಪೈಪಿನ ತುಂಡು ಇಡಬೇಕು.

ಶೀಟ್ ಛಾವಣಿ ಬೇಡ. ಶಿವಮೊಗ್ಗದ ಆಷಾಢದ ಮಳೆ ಶೀಟಿನ ಮೇಲೆ ಬಿದ್ದರೆ ಪಕ್ಕದಲ್ಲಿ ಕೂತವರ ಮಾತೇ ಕೇಳೋದಿಲ್ಲ, ಆಲಾಪನೆ ದೂರದ ಮಾತು. ಐದಿಂಚು ಸ್ಲ್ಯಾಬ್ ಹಾಕಿಸಿ.

ಎಎಸಿ ಬ್ಲಾಕ್ ಹಗುರ. ಎಂಟಿಂಚಿನದ್ದು ಗಾರೆ ಸೇರಿ 180 ಕೆಜಿ ಆಸುಪಾಸು. ಗೋಡೆಯ ತೂಕ ಇಮ್ಮಡಿಯಾದರೆ ಐದಾರು ಡೆಸಿಬಲ್ ಹೆಚ್ಚು ತಡೆಯುತ್ತೆ ಅನ್ನೋದು ಸ್ಥೂಲ ಲೆಕ್ಕ. ಆ ಪ್ರಕಾರ ಇಟ್ಟಿಗೆಯಿಂದ ಎಎಸಿಗೆ ಇಳಿದರೆ ಎಂಟು ಡೆಸಿಬಲ್ ಹತ್ತಿರ ಕಳ್ಕೋತೀರಿ. ಹೊರಗೋಡೆಗೆ ಬಿಸಿಲಿನ ಕಾರಣಕ್ಕೆ ಎಎಸಿ ಒಳ್ಳೇದೇ, ಕ್ಲಾಸುಗಳ ನಡುವಿನ ಗೋಡೆಗೆ ಅಲ್ಲ.

ಯಾವ ಗೋಡೆ ಎಷ್ಟು ತಡೆಯುತ್ತೆ ಅಂದರೆ, ನಾಲ್ಕೂವರೆ ಇಂಚು ಇಟ್ಟಿಗೆ, ಎರಡೂ ಕಡೆ ಗಾರೆ: 42-45 ಡೆಸಿಬಲ್. ಒಂಬತ್ತಿಂಚು: 50 ಆಸುಪಾಸು. ನಾಲ್ಕೂವರೆ ಇಂಚಿನ ಎರಡು ಗೋಡೆ, ನಡುವೆ ಮೂರಿಂಚು ಸಂದು, ಸಂದಿನಲ್ಲಿ ಗ್ಲಾಸ್‌ವೂಲ್: 55ಕ್ಕೂ ಮೇಲೆ. ಈ ಜೋಡಿ ಗೋಡೆ ಮೃದಂಗದ ರೂಮಿಗೆ ಮಾತ್ರ ಸಾಕು, ಮಿಕ್ಕಿದ್ದಕ್ಕೆ ಒಂಬತ್ತಿಂಚು. ಜೋಡಿ ಗೋಡೆ ಕೆಡೋದು ಹೆಚ್ಚಾಗಿ ಹೀಗೆ: ಕಟ್ಟುವಾಗ ಗಾರೆ ಉದುರಿ ಸಂದಿನ ತಳದಲ್ಲಿ ಕೂತು ಎರಡನ್ನೂ ಬೆಸೆದುಬಿಡುತ್ತೆ. ಸಂದಿನಗಲದ ಹಲಗೆಗೆ ಹಗ್ಗ ಕಟ್ಟಿ ಒಳಗಿಳಿಸಿ, ನಾಲ್ಕು ವರಸೆಗೊಮ್ಮೆ ಎತ್ತಿ ಗಾರೆ ತೆಗೆಸಿ. ಎರಡು ಗೋಡೆಗೂ ಅಡ್ಡ ಕಬ್ಬಿಣ ಕೊಡಬಾರದು, ಮೇಸ್ತ್ರಿಗೆ ಮೊದಲೇ ಹೇಳಿ. ಅವರು ಅಭ್ಯಾಸಬಲದಿಂದ ಹಾಕಿಬಿಡ್ತಾರೆ.

ಇಟ್ಟಿಗೆಯ ನಿಂತ ಸಂದುಗಳಿಗೆ ಗಾರೆ ಪೂರ್ತಿ ತುಂಬಿರಬೇಕು. ಗೋಡೆ ಫಾಲ್ಸ್ ಸೀಲಿಂಗಿಗೆ ನಿಲ್ಲದೆ ಸ್ಲ್ಯಾಬಿನ ತನಕ ಹೋಗಬೇಕು. ಸ್ವಿಚ್ ಬಾಕ್ಸುಗಳನ್ನು ಗೋಡೆಯ ಎರಡೂ ಕಡೆ ಬೆನ್ನಿಗೆ ಬೆನ್ನು ಕೊಟ್ಟು ಕೊರೆಯಬೇಡಿ, ಕನಿಷ್ಠ ಎರಡಡಿ ಆಚೀಚೆ ಇರಲಿ. ಗೋಡೆಯ ನೂರರಲ್ಲಿ ಒಂದು ಪಾಲು ತೂತಾಗಿದ್ದರೆ ಎಷ್ಟೇ ದಪ್ಪ ಇದ್ದರೂ ಅದು 20 ಡೆಸಿಬಲ್‌ಗಿಂತ ಹೆಚ್ಚು ತಡೆಯೋದಿಲ್ಲ.

ಬಾಗಿಲಿನ ವಿಷಯಕ್ಕೆ ಬಂದರೆ, ಟೊಳ್ಳು ಫ್ಲಶ್ ಡೋರ್ ಬೇಡ, 38-40 ಎಂಎಂ ಗಟ್ಟಿ ಹಲಗೆಯದ್ದು. ಚೌಕಟ್ಟಿನ ಹಿಂದೆ ಗಾರೆ ತುಂಬಿಸಿ, ಮೂರು ಕಡೆ ರಬ್ಬರ್ ಪಟ್ಟಿ. ಅಡಿಗೆ? ನಮ್ಮ ಹಳೆ ಮನೆಗಳ ಹೊಸ್ತಿಲೇ ಒಳ್ಳೆ ಉಪಾಯ. ಅರ್ಧ ಇಂಚಿನ ಹೊಸ್ತಿಲು ಕೊಟ್ಟು ಬಾಗಿಲು ಅದಕ್ಕೆ ಒತ್ತಿ ಕೂರೋ ಹಾಗೆ ರಬ್ಬರ್ ಹಾಕಿದರೆ ಆಯ್ತು. ಹಾಲ್‌ಗೆ ಮಾತ್ರ ಹೊಸ್ತಿಲು ಬೇಡ, ಜನ ನುಗ್ಗುವಾಗ ಎಡವುತ್ತಾರೆ. ಅಲ್ಲಿ ಬಾಗಿಲು ಮುಚ್ಚಿದಾಗ ತಾನೇ ಇಳಿಯೋ ರಬ್ಬರ್ ಪಟ್ಟಿ ಸಿಗುತ್ತೆ, ಅದನ್ನು ಹಾಕಿಸಿ. ಹಾಲ್‌ನ ಬಾಗಿಲು ಎರಡು ಬೇಕು, ಒಂದು ಈ ತುದಿಗೆ ಇನ್ನೊಂದು ಆ ತುದಿಗೆ, ಹೊರಕ್ಕೇ ತೆರೀಬೇಕು. ಮೆಟ್ಟಿಲೂ ಎರಡು, ಅಗಲ ಒಂದೂವರೆ ಮೀಟರಿಗೆ ಕಡಿಮೆ ಬೇಡ.

ಅನುರಣನ:

ಗೋಡೆಯ ಭಾರದ ಲೆಕ್ಕ ಒಪ್ಪಿದೆ. ಹಾಲ್ ಮೇಲೇ ಇರಲಿ. ಹಾಗಿದ್ದರೆ ವಯಸ್ಸಾದವರಿಗೆ ಲಿಫ್ಟಿನ ಜಾಗ ನಕ್ಷೆಯಲ್ಲೇ ಬಿಡಿ, ಹಣ ಬಂದಾಗ ಕೂರಿಸಬಹುದು. ಆ ಜಾಗ ವೇದಿಕೆ ಕಡೆಗೆ ಬೇಡ, ಅದರ ಮೋಟರಿನ ಸದ್ದು ಗೋಡೆಯಲ್ಲೇ ಹರಿಯುತ್ತೆ.

ತೊಪ್ಪಿ_ವಲಂತಲೆ:

ಪಾಠ ಮಾಡೋರ ಕಡೆಯಿಂದ ಕೆಲವು ಮಾತು.

ಮೃದಂಗದ ರೂಮು ಮೂಲೆಯಲ್ಲಿರಲಿ, ಅದಕ್ಕೂ ವೀಣೆ ರೂಮಿಗೂ ನಡುವೆ ಮೆಟ್ಟಿಲು, ಶೌಚಾಲಯ, ಸಾಮಾನಿನ ಕೋಣೆ ಬರಲಿ. ಜೋಡಿ ಗೋಡೆಗಿಂತ ಇದು ಅಗ್ಗ. ನಾಲ್ಕು ಹುಡುಗರು ಒಟ್ಟಿಗೆ ನುಡಿಸಿದರೆ ರೂಮಿನೊಳಗೆ 90 ಡೆಸಿಬಲ್ ದಾಟುತ್ತೆ. ವೀಣೆಯ ಮೀಟು ಕೇಳಿಸಬೇಕಾದ ರೂಮಿನಲ್ಲಿ ಹೊರಗಿನ ಸದ್ದು 35ಕ್ಕೆ ಇಳಿದಿರಬೇಕು. 55 ಡೆಸಿಬಲ್ ತಡೆ ಬೇಕು ಅನ್ನೋದು ಈ ಲೆಕ್ಕದಿಂದಲೇ. ಕಾರಿಡಾರಿನಲ್ಲಿ ಎರಡು ಕ್ಲಾಸಿನ ಬಾಗಿಲು ಎದುರುಬದುರು ಬೇಡ, ಇಲ್ಲದಿದ್ದರೆ ಗೋಡೆಗೆ ಹಾಕಿದ ದುಡ್ಡು ಬಾಗಿಲಿನಲ್ಲಿ ಸೋರಿಹೋಗುತ್ತೆ. ಅಕ್ಕಪಕ್ಕ ಮನೆಗಳಿದ್ದರೆ ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ 10ರ ಮೇಲೆ 45 ಡೆಸಿಬಲ್ ಅಂತ 2000ದ ಶಬ್ದ ನಿಯಮ ಇದೆ. ಮೃದಂಗದ ಕಿಟಕಿ ಪಕ್ಕದ ಮನೆಯ ಮಲಗುವ ಕೋಣೆ ಕಡೆ ತೆರೆಯದಿರಲಿ.

ಮೃದಂಗದ ರೂಮಿನಲ್ಲಿ ತೊಪ್ಪಿಯ (ಮೃದಂಗದ ಎಡಬದಿ) ಗುಂಕಿ, ಅಂದರೆ ತಗ್ಗಿನ ಗುಂಯ್ ನಾದ, ಹೀರೋಕೆ ಎರಡಿಂಚಿನ ಗ್ಲಾಸ್‌ವೂಲ್ ಸಾಲದು, ಅದು ಮೇಲಿನ ಸ್ವರಗಳನ್ನಷ್ಟೇ ಹೀರಿ ರೂಮನ್ನು ಮಂಕು ಮಾಡುತ್ತೆ, ಕೆಳಗಿನದ್ದು ಹಾಗೇ ಉಳಿಯುತ್ತೆ. 6 ಎಂಎಂ ಪ್ಲೈವುಡ್ಡನ್ನು ಗೋಡೆಯಿಂದ ನಾಲ್ಕಿಂಚು ಮುಂದೆ ಚೌಕಟ್ಟಿಗೆ ಹೊಡೆದು ಒಳಗೆ ಸಡಿಲವಾಗಿ ಗ್ಲಾಸ್‌ವೂಲ್ ಬಿಟ್ಟರೆ ಅದು 100 ಹರ್ಟ್ಸ್ ಸುತ್ತಮುತ್ತ ತಾನೇ ಅದುರಿ ಸದ್ದು ತಿನ್ನುತ್ತೆ. ಎರಡು ಮೂಲೆಗೆ ಒಂದೊಂದು ಹಾಕಿಸಿ. ಜಮಖಾನ ಹಾಸಿದರೆ ಸಾಕು ಅನ್ನೋರಿದ್ದಾರೆ. ಜಮಖಾನಕ್ಕೆ ಚಾಪುವಿನ (ಬಲಬದಿಯ ಚುರುಕು ಹೊಡೆತ) ಸದ್ದು ಮಾತ್ರ ಸಿಗುತ್ತೆ, ತೊಪ್ಪಿ ಸಿಗಲ್ಲ.

ವಾದ್ಯಗಳ ಕೋಣೆ ಮಳೆ ಹೊಡೆಯೋ ಪಡುವಣ ಗೋಡೆಗೆ ಬೇಡ. ಬೀರು ನೆಲದಿಂದ ನಾಲ್ಕಿಂಚು ಮೇಲೆ, ಗೋಡೆಯಿಂದ ಎರಡಿಂಚು ಮುಂದೆ. ತೇವಾಂಶ 45ರಿಂದ 55 ಪ್ರತಿಶತ ಇರಬೇಕು. ಮಳೆಗಾಲದಲ್ಲಿ ತೇವ ಎಳೆಯೋ ಯಂತ್ರ ಇಲ್ಲದಿದ್ದರೆ ಮೃದಂಗದ ಚರ್ಮ ಸಡಿಲಾಗಿ ದಿನಾ ಶ್ರುತಿ ಇಳಿಯುತ್ತೆ. ಉಲ್ಟಾ ತಪ್ಪೂ ಇದೆ: ಎಸಿ ಗಾಳಿ ನೇರ ವೀಣೆಗೆ ಬೀಳಬಾರದು, ಮರ ಸೀಳುತ್ತೆ. ಬಿಸಿಲು ಬೀಳೋ ಕಡೆಯೂ ಇಡಬಾರದು. ವೀಣೆಯ ಮೆಟ್ಟಿಲು ಕೂತಿರೋದು ಮೇಣದಲ್ಲಿ, ಬಿಸಿಗೆ ಅದು ಜಾರುತ್ತೆ.

ವೇದಿಕೆ 20 ಅಡಿ ಅಗಲ, 12 ಅಡಿ ಆಳ ಇದ್ದರೆ ಹಾಡುಗಾರರು, ಪಿಟೀಲು, ಮೃದಂಗ, ಘಟ, ಎರಡು ತಂಬೂರಿ ಆರಾಮಾಗಿ ಕೂರ್ತಾರೆ. ಎತ್ತರ ಒಂದೂವರೆ ಅಡಿ ಸಾಕು. ಟೊಳ್ಳು ಪ್ಲೈವುಡ್ ಡಬ್ಬಿ ಮಾಡಿದರೆ ಮೃದಂಗ ಇಟ್ಟ ಕಡೆ ವೇದಿಕೆಯೇ ಇನ್ನೊಂದು ಮೃದಂಗ ಆಗುತ್ತೆ. ಪ್ಲೈವುಡ್ ಎರಡು ಪದರ 18 ಎಂಎಂ ಇರಲಿ, ಕೆಳಗೆ ಒಂದೊಂದೂವರೆ ಅಡಿಗೆ ಆಧಾರ ಇರಲಿ, ಟೊಳ್ಳಿಗೆ ಗ್ಲಾಸ್‌ವೂಲ್ ತುಂಬಿ. ಮರಳು ತುಂಬೋ ಪದ್ಧತಿಯೂ ಇದೆ, ಆದರೆ ನಿಮ್ಮದು ಮೇಲಿನ ಮಹಡಿ, ಆ ಭಾರಕ್ಕೆ ಇಂಜಿನಿಯರನ್ನು ಕೇಳದೆ ಕೈ ಹಾಕಬೇಡಿ. ವೇದಿಕೆ ಹಿಂದೆ ಮೂರು ಕಡೆ ಕರಿ ವೆಲ್ವೆಟ್ ಪರದೆ ಕಟ್ಟೋ ರೂಢಿ ಬಿಡಿ, ಪಿಟೀಲಿನವರ ಶ್ರಮವನ್ನೆಲ್ಲ ಅದೇ ನುಂಗುತ್ತೆ. ಹಿಂದೆ ಗಟ್ಟಿ ಮರದ ಗೋಡೆ ಇರಲಿ.

ತುಂಗಾತೀರ:

ತುಂಬಾ ಉಪಕಾರ ಆಯ್ತು. ಶೀಟು, ಅರ್ಧಚಂದ್ರ, ಫೋಮು ಮೂರನ್ನೂ ಕೈಬಿಟ್ಟೆವು. ಹಾಲ್ ಎತ್ತರ 14 ಅಡಿ ಒಪ್ಪಿಸಬಹುದು, 16 ಅಂದರೆ ಟ್ರಸ್ಟಿನಲ್ಲಿ ಜಗಳ ಆಗುತ್ತೆ. ಜೊತೆಗೆ ಪ್ಲಾಸ್ಟಿಕ್ ಕುರ್ಚಿಯೋ ಮೆತ್ತೆ ಕುರ್ಚಿಯೋ ಅನ್ನೋ ಚರ್ಚೆ. ನಮ್ಮಲ್ಲಿ ಸಾಮಾನ್ಯ ದಿನ ಬರೋದು 60 ಜನ, ತುಂಬೋದು ರಾಮನವಮಿ ಉತ್ಸವಕ್ಕೆ ಮಾತ್ರ.

ಅನುರಣನ:

ಆ 60ರ ಸಂಖ್ಯೆ ಮೊದಲೇ ಬೇಕಿತ್ತು. ಎಲ್ಲ ಅದರ ಮೇಲೇ ನಿಂತಿದೆ. ಮೊದಲು ಒಂದು ತಿದ್ದುಪಡಿ: ವೇದಿಕೆ, ಓಡಾಟದ ದಾರಿ ಕಳೆದರೆ ಈ ಹಾಲ್‌ನಲ್ಲಿ ಕುರ್ಚಿ ಹಿಡಿಸೋದು 100. ಮುಂದೆ ಜಮಖಾನ ಹಾಸಿ ನೆಲದಲ್ಲಿ ಕೂರಿಸಿದರೆ ಮಾತ್ರ 120.

14 ಅಡಿ ಎತ್ತರಕ್ಕೆ 475 ಘನಮೀಟರ್. ಸದ್ದು ನಿಂತ ಮೇಲೆ 60 ಡೆಸಿಬಲ್ ಇಳಿಯೋಕೆ ಹಿಡಿಯೋ ಹೊತ್ತೇ ಅನುರಣನ ಕಾಲ. ಸೂತ್ರ: 0.161 × ಘನಗಾತ್ರ ÷ ಒಟ್ಟು ಹೀರಿಕೆ. ಕರ್ನಾಟಕ ಸಂಗೀತಕ್ಕೆ, ಅದರಲ್ಲೂ ಮೃದಂಗದ ಸೊಲ್ಲು ಬಿಡಿಬಿಡಿಯಾಗಿ ಕೇಳಬೇಕಾದ್ದರಿಂದ, ಒಂದು ಸೆಕೆಂಡಿನ ಆಸುಪಾಸು ಹಿತ. ಬಾಸ್ಟನ್ ಸಿಂಫನಿ ಹಾಲ್‌ನಲ್ಲಿ ಅದು ಎರಡಕ್ಕೆ ಹತ್ತಿರ. ಅಲ್ಲಿನ ದೊಡ್ಡ ವಾದ್ಯಮೇಳಕ್ಕೆ ಅದು ಸರಿ, ಕೊನ್ನಕೋಲಿಗೆ (ಮೃದಂಗದ ಸೊಲ್ಲನ್ನು ಬಾಯಲ್ಲಿ ಹೇಳೋದು) ಅಲ್ಲ.

ಹೀರಿಕೆಯನ್ನು ಅಳೆಯೋದು ಎಷ್ಟು ಚದರ ಮೀಟರ್ ತೆರೆದ ಕಿಟಕಿಗೆ ಸಮ ಅಂತ. ಬರೀ ಗೋಡೆ, ಸೀಲಿಂಗು, ನೆಲ ಹೀರೋದು ಸುಮಾರು 12 ಚದರ ಮೀಟರ್. ಒಬ್ಬ ಮನುಷ್ಯ 0.45. ಪ್ಲಾಸ್ಟಿಕ್ ಕುರ್ಚಿ ಸೊನ್ನೆ.

120 ಜನ ತುಂಬಿದಾಗ: 12 + 54 = 66, ಕಾಲ 1.16 ಸೆಕೆಂಡ್. ಚೆನ್ನಾಗೇ ಇದೆ ಅನ್ನಿಸುತ್ತೆ.
60 ಜನ ಇದ್ದಾಗ: 12 + 27 = 39, ಕಾಲ 1.96. ಸಾಹಿತ್ಯ ಕಲಸಿಹೋಗುತ್ತೆ.
ಖಾಲಿ ಹಾಲ್‌ನಲ್ಲಿ ತಾಲೀಮು: ಆರು ಸೆಕೆಂಡ್ ದಾಟುತ್ತೆ.

ಈಗ 100 ಮೆತ್ತೆ ಕುರ್ಚಿ ಹಾಕಿ. ಬಟ್ಟೆ ಹೊದಿಸಿದ್ದು, ರೆಕ್ಸಿನ್ ಅಲ್ಲ. ಖಾಲಿ ಕುರ್ಚಿ ಒಂದಕ್ಕೆ 0.3. ಜೊತೆಗೆ ಹಿಂದಿನ ಗೋಡೆಗೂ ಪಕ್ಕದ ಗೋಡೆಗಳ ಹಿಂಭಾಗಕ್ಕೂ 20 ಚದರ ಮೀಟರ್ ಹೀರುಹಲಗೆ: ಘನಮೀಟರಿಗೆ 48 ಕೆಜಿ ಸಾಂದ್ರತೆಯ ಎರಡಿಂಚು ರಾಕ್‌ವೂಲ್, ಮೇಲೆ ಗ್ಲಾಸ್ ಟಿಶ್ಯೂ, ಅದರ ಮೇಲೆ ತೆಳು ಬಟ್ಟೆ. ಅದು 16 ಕೊಡುತ್ತೆ.

60 ಜನಕ್ಕೆ: 12 + 27 + 12 (40 ಖಾಲಿ ಕುರ್ಚಿ) + 16 = 67, ಕಾಲ 1.14.
120 ಜನಕ್ಕೆ: 82, ಕಾಲ 0.93.

ಸಾಮಾನ್ಯ ದಿನಕ್ಕೂ ಉತ್ಸವಕ್ಕೂ ವ್ಯತ್ಯಾಸ ಕಾಲು ಸೆಕೆಂಡಿಗಿಂತ ಕಡಿಮೆ. ಈ ಸೂತ್ರ ಕೊಟ್ಟ ಸಬೀನ್ 1895ರ ಹೊತ್ತಿಗೆ ಹಾರ್ವರ್ಡಿನಲ್ಲಿ ಪ್ರಯೋಗ ಮಾಡಿದ್ದೂ ರಂಗಮಂದಿರದ ಸೀಟಿನ ಮೆತ್ತೆಗಳನ್ನು ಹೊತ್ತು ತಂದೇ. ಕುರ್ಚಿಯೂ ಹಾಲ್‌ನ ವಿನ್ಯಾಸದ ಭಾಗ ಅಂತ ಟ್ರಸ್ಟಿಗಳಿಗೆ ಹೇಳಿ. 14 ಅಡಿ ಒಪ್ಪಿಕೊಳ್ಳಿ, ಉಳಿದ ಎರಡಡಿಯ ದುಡ್ಡನ್ನು ಕುರ್ಚಿಗೆ ಹಾಕಿ.

ಸೀಲಿಂಗಿನ ಮುಂದಿನ ಅರ್ಧಕ್ಕೆ ಹೀರುಹಲಗೆ ಬೇಡ, ವೇದಿಕೆಯ ದನಿಯನ್ನು ಹಿಂದಿನ ಸಾಲಿಗೆ ಮುಟ್ಟಿಸೋದು ಅದೇ. ಪಕ್ಕದ ಗೋಡೆಗಳ ಮುಂಭಾಗವೂ ಗಟ್ಟಿಯಾಗಿರಲಿ, ಆದರೆ ಎರಡೂ ಸಪಾಟಾಗಿ ಎದುರುಬದುರಾದರೆ ಚಪ್ಪಾಳೆಗೆ ಟರ್ರ್ ಅನ್ನುತ್ತೆ. ಒಂದು ಗೋಡೆಗೆ ಐದಾರು ಡಿಗ್ರಿ ಓರೆಯಾಗಿ ಮರದ ಹಲಗೆ ನಿಲ್ಲಿಸಿ.

ಮೂರು_ಫೇಸ್:

ಗಾಳಿ, ಕರೆಂಟು ಯಾರೂ ಮುಟ್ಟಿಲ್ಲ. 120 ಜನರ ಮೈಬಿಸಿಯೇ ಸುಮಾರು 14 ಕಿಲೋವಾಟ್, ಅಂದರೆ 4 ಟನ್ ಎಸಿ. ತಾರಸಿಯ ಬಿಸಿ, ದೀಪ, ಹೊರಗಾಳಿ ಸೇರಿ 8 ಟನ್ ಹಿಡಿಯಿರಿ. ಅದಕ್ಕೆ ಸುಮಾರು 3200 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ) ಗಾಳಿ. ಡಕ್ಟಿನಲ್ಲಿ (ಗಾಳಿ ಸಾಗೋ ಕೊಳವೆ) ವೇಗ ಸೆಕೆಂಡಿಗೆ 4 ಮೀಟರ್ ದಾಟಬಾರದು, ಗಾಳಿ ಹೊರಬೀಳೋ ಬಾಯಲ್ಲಿ 2. ಆ ಲೆಕ್ಕಕ್ಕೆ ಡಕ್ಟು 30×20 ಇಂಚು ಆಗುತ್ತೆ. ಸಣ್ಣದು ಹಾಕಿದರೆ ತಂಪು ಬರುತ್ತೆ, ಜೊತೆಗೆ ಸುಯ್ಯನೆ ಸದ್ದೂ ಬರುತ್ತೆ. ಡಕ್ಟಿನ ಒಳಮೈಗೆ ಒಂದಿಂಚು ಹೀರುಪದರ, ಯಂತ್ರದಿಂದ ಹಾಲ್‌ಗೆ ಬರೋ ಮುಂಚೆ ಎರಡು ತಿರುವು. ಹೊರಘಟಕ ಹಾಲ್‌ನ ಸ್ಲ್ಯಾಬಿನ ಮೇಲೆ ಬೇಡ, ಮೆಟ್ಟಿಲ ತಲೆಯ ಮೇಲೆ ಸ್ಪ್ರಿಂಗ್ ಅಥವಾ ರಬ್ಬರ್ ಕಾಲಿನ ಮೇಲಿರಲಿ.

ಎಸಿಗೆ ಹಣ ಈಗ ಇಲ್ಲದಿದ್ದರೆ ಡಕ್ಟಿನ ದಾರಿ, ಗೋಡೆಯ ತೂತು ಮಾತ್ರ ಈಗಲೇ ಬಿಡಿಸಿ. ಸೀಲಿಂಗ್ ಫ್ಯಾನ್ ವೇದಿಕೆಯ ನೆತ್ತಿಗೆ ಬೇಡ. ರೆಕ್ಕೆ ಸುತ್ತುವಾಗ ದನಿ ಕತ್ತರಿಸಿದ ಹಾಗೆ ತಂಬೂರಿಯ ನಾದ ಅಲುಗುತ್ತೆ.

ಕ್ಲಾಸ್ ರೂಮಿನ ಕಿಟಕಿ ಮುಚ್ಚಿದರೆ ಉಸಿರಾಟಕ್ಕೆ ಗಾಳಿ ಬೇಕಲ್ಲ. ಹತ್ತು ಜನಕ್ಕೆ 150ರಿಂದ 200 ಸಿಎಫ್‌ಎಂ. ಗೋಡೆಗೆ ನೇರ ಎಕ್ಸಾಸ್ಟ್ ಫ್ಯಾನ್ ಇಟ್ಟರೆ ಸದ್ದಿಗೂ ಅದೇ ಕಿಟಕಿ. ಒಳಗೆ ಹೀರುಪದರ ಇರೋ, ಎರಡು ಸಲ ತಿರುಗೋ ಪ್ಲೈವುಡ್ ಪೆಟ್ಟಿಗೆಯ ಮೂಲಕ ಗಾಳಿ ತನ್ನಿ.

ಮೈಕ್, ಆಂಪ್ಲಿಫೈಯರಿಗೆ ಒಂದು ಫೇಸ್ ಪ್ರತ್ಯೇಕ, ದೀಪಕ್ಕೆ ಇನ್ನೊಂದು. ವೀಣೆಗೆ ಪಿಕಪ್ (ವಾದ್ಯಕ್ಕೇ ಅಂಟಿಸೋ ಪುಟ್ಟ ಮೈಕ್) ಅಂಟಿಸಿದಾಗ ಬರೋ ಗುಂಯ್‌ನ ಮೂಲ ಬಹುಪಾಲು ಡಿಮ್ಮರ್, ಫ್ಯಾನ್ ರೆಗ್ಯುಲೇಟರ್, ಇಲ್ಲವೇ ಎರಡು ಕಡೆ ಅರ್ಥಿಂಗ್. ವೇದಿಕೆಯ ಎಲ್ಲ ಸಾಕೆಟ್ಟಿಗೂ ಮಿಕ್ಸರಿಗೂ ಒಂದೇ ಅರ್ಥ್ ಪಟ್ಟಿಯಿಂದ ತಂತಿ ಬರಲಿ. ಮೈಕಿನ ತಂತಿಯ ಪೈಪು ಕರೆಂಟಿನ ಪೈಪಿನಿಂದ ಒಂದಡಿ ದೂರ ಹೋಗಲಿ.

ತುಂಗಾತೀರ:

ಕೊನೆಯದಾಗಿ ಒಂದು. ಕೆಲಸ ಸರಿಯಾಗಿದೆಯಾ ಅಂತ ನಾವೇ ಪರೀಕ್ಷೆ ಮಾಡೋಕೆ ಆಗುತ್ತಾ?

ಗಾರೆಕರಣೆ:

ಆಗುತ್ತೆ. ಗಾರೆ ಮುಗಿದು ಬಾಗಿಲು ಕೂತ ಮೇಲೆ ರಾತ್ರಿ ಹೊತ್ತು ಮೃದಂಗದ ರೂಮಿನಲ್ಲಿ ದೀಪ ಹಾಕಿ ಬಾಗಿಲು ಮುಚ್ಚಿ, ಕಾರಿಡಾರ್ ಕತ್ತಲು ಮಾಡಿ. ಬೆಳಕಿನ ಗೆರೆ ಎಲ್ಲಿ ಕಂಡರೂ ರಬ್ಬರ್ ಸರಿ ಮಾಡಿಸಿ. ಆಮೇಲೆ ಒಳಗೆ ಸ್ಪೀಕರಿನಲ್ಲಿ ಒಂದೇ ಸಮನೆಯ ಶೋ ಅನ್ನೋ ಸದ್ದು ಹಾಕಿ, ಫೋನಿನ ಮಾಪಕದಲ್ಲಿ 90 ಬರೋ ತನಕ ಏರಿಸಿ, ಅದೇ ಫೋನನ್ನು ವೀಣೆ ರೂಮಿಗೆ ಒಯ್ದು ನೋಡಿ. ಫೋನಿನ ಅಂಕಿ ಪಕ್ಕಾ ಅಲ್ಲ, ಎರಡರ ಅಂತರ ನಂಬಬಹುದು. ಅಂತರ 50ಕ್ಕಿಂತ ಕಡಿಮೆ ಬಂದರೆ ಗೋಡೆಗೆ ಕಿವಿ ಕೊಟ್ಟು ಸ್ವಿಚ್ ಬಾಕ್ಸು, ಪೈಪಿನ ತೂತು, ಸ್ಲ್ಯಾಬ್ ಸೇರೋ ಸಂದು ಹುಡುಕಿ. ಇದನ್ನು ಪೇಂಟಿಗೆ ಮುಂಚೆ ಮಾಡಿ, ಕಂಟ್ರಾಕ್ಟರಿನ ಕೊನೆಯ ಕಂತು ಕೊಡೋಕೂ ಮುಂಚೆ.

ಅನುರಣನ:

ಹಾಲ್‌ಗೆ ಬಲೂನು ಸಾಕು. ಕುರ್ಚಿ ಬಂದ ಮೇಲೆ, ಹೀರುಹಲಗೆಗೆ ಆರ್ಡರ್ ಕೊಡೋ ಮುಂಚೆ, ವೇದಿಕೆ ಮೇಲೆ ದೊಡ್ಡ ಬಲೂನು ಒಡೆದು ಹಿಂದಿನ ಸಾಲಿನಲ್ಲಿ ಧ್ವನಿಮುದ್ರಣ ಮಾಡಿ. ಮೂರು ಜಾಗದಲ್ಲಿ, ಮೂರು ಮೂರು ಸಲ. ಖಾಲಿ ಹಾಲ್, 100 ಮೆತ್ತೆ ಕುರ್ಚಿ: ಲೆಕ್ಕದ ಪ್ರಕಾರ 12 + 30 = 42, ಅಂದರೆ 1.8 ಸೆಕೆಂಡ್ ಬರಬೇಕು. 1.5 ಬಂದರೆ ನಿಮ್ಮ ಹಲಗೆ 20ರ ಬದಲು 8-10 ಚದರ ಮೀಟರ್ ಸಾಕು. ಮುದ್ರಣದ ಫೈಲು ಇಲ್ಲಿ ಹಾಕಿ, ನೋಡಿ ಹೇಳ್ತೀನಿ.